ಜೇನು ಬಣ್ಣದ ಹಲ್ಲು

೧೪ ಮಾರ್ಚ್ ೧೯೯೮, ಶನಿವಾರ

ಈ ದಿನಚರಿಯನ್ನು ಮತ್ತೆ ಕೈಗೆತ್ತಿಕೊಂಡದ್ದು ಕೆಲಸ ಹೋದವರ ದೂರು ಕೇಳುವ ಟ್ರಿಬ್ಯುನಲ್‌ಗೆ ಉಪಯೋಗಕ್ಕೆ ಬರಲಿ ಎಂದು. ನಿನ್ನೆ ವಕೀಲೆ ಹೇಳಿದಳು, ಇದನ್ನು ಯಾರೂ ಓದುವುದಿಲ್ಲ, ಅದರಲ್ಲೂ ಕನ್ನಡದಲ್ಲಿ ಬರೆದದ್ದನ್ನು. ಹಾಗಿದ್ದರೆ ಇನ್ನೂ ಒಳ್ಳೆಯದು. ಇನ್ನು ನನಗೋಸ್ಕರ ಬರೆಯುತ್ತೇನೆ, ಯಾರ ಮುಲಾಜೂ ಇಲ್ಲ.

ಲಂಡನ್ನಿನ ಅಕ್ಸ್‌ಬ್ರಿಡ್ಜ್‌ನ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದೆ. ಕಳೆದ ನವೆಂಬರಿನಲ್ಲಿ ಅವರಿಗೆ ನನ್ನ ಹುದ್ದೆ ಬೇಡವಾಯಿತು. ಹುದ್ದೆ ಬೇಡವಾದರೆ ಕುರ್ಚಿಯೂ ಹೋಗಬೇಕಲ್ಲ? ಕುರ್ಚಿ ಅಲ್ಲೇ ಇದೆ. ನಾನು ಕೆಲಸ ಕಲಿಸಿದವನೇ ಅದರಲ್ಲಿ ಕೂತಿದ್ದಾನೆ, ಹುದ್ದೆಗೆ ಬೇರೆ ಹೆಸರಿಟ್ಟಿದ್ದಾರೆ. ೧೯೮೩ರಲ್ಲಿ ನನ್ನ ಬಡ್ತಿ ತಪ್ಪಿಸಿದ ದಿನ ಮ್ಯಾನೇಜರು ಆಡಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. ಅವನು ಕಟ್ಟಿಕೊಂಡಿದ್ದ ಟೈ ಕೂಡ ನೆನಪಿದೆ. ಮರೆಯುತ್ತೇನೆ ಎಂದುಕೊಂಡಿದ್ದಾರೆ ಇವರು.

ಬೆಳಿಗ್ಗೆ ನವ್ಯಾಳಿಂದ ಒಂದು ಕವರು ಬಂತು. ಮಗಳು ಲೀಡ್ಸ್‌ನಲ್ಲಿ ಶಾಲೆಯ ಟೀಚರು. ನಮ್ಮ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಮುಂಚಿತವಾಗಿಯೇ ಉಡುಗೊರೆಯಂತೆ. ಲಂಡನ್ನಿನ ಆಚೆ ತುದಿಯಲ್ಲಿ, ಆ್ಯಬಿ ವುಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಮರಳು ಕ್ವಾರಿ. ಅದರ ಒಂದು ಮೂಲೆಯಲ್ಲಿ ದುಡ್ಡು ಕೊಟ್ಟವರಿಗೆ ಅಗೆಯಲು ಬಿಡುತ್ತಾರೆ. ಐದು ಕೋಟಿ ವರ್ಷಕ್ಕೂ ಹಿಂದೆ ಅಲ್ಲಿ ಬೆಚ್ಚಗಿನ ಸಮುದ್ರ ಇತ್ತು. ಆಗಿನ ಶಾರ್ಕುಗಳ ಹಲ್ಲು ಮರಳಿನಲ್ಲಿ ಕಲ್ಲಾಗಿ ಕೂತಿವೆ. ಬೇಸಿಗೆಯ ಶನಿವಾರಗಳಿಗೆಲ್ಲ ನಮ್ಮಿಬ್ಬರಿಗೆ ಪಾಸು. ಅವಳು ಚಿಕ್ಕವಳಿದ್ದಾಗ ಭಾನುವಾರ ಬಂದರೆ ಮ್ಯೂಸಿಯಮ್ಮಿಗೆ ಕರೆದೊಯ್ದು ಇದನ್ನೆಲ್ಲ ಹೇಳಿದವನು ನಾನೇ. ಅಪ್ಪ ಮನೆಯಿಂದ ಹೊರಗೆ ಬರಬೇಕು ಎಂದು ಫೋನಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದಳು. ಕೆಲಸ ಕಳೆದುಕೊಂಡವನಿಗೆ ಮಣ್ಣು ಅಗೆಯುವ ಪಾಸು. ಅದರಲ್ಲಿರುವ ತಮಾಷೆ ಅವಳಿಗೆ ಹೊಳೆದಿಲ್ಲ, ಪಾಪ.

೧೮ ಏಪ್ರಿಲ್, ಶನಿವಾರ

ಗಂಡ ಹೆಂಡತಿ ಇಬ್ಬರೂ ಹೋಗಿ ಬಂದೆವು. ನೆಲದಡಿಯ ಟ್ಯೂಬು, ಆಮೇಲೆ ರೈಲು, ಆಮೇಲೆ ಕೆಸರು.

ಆ ಮೂಲೆಯನ್ನು ಬಾಡಿಗೆಗೆ ಹಿಡಿದಿರುವವನು ನಾರ್ಮನ್ ಎಂಬ ಇಂಗ್ಲಿಷ್ ಮುದುಕ. ಮರದ ಶೆಡ್ಡಿನಲ್ಲಿ ಕೂತು ಜರಡಿ, ಬಕೆಟ್ಟು, ಕರಣೆ ಕೊಡುತ್ತಾನೆ. ಎದುರಿಗೆ ಒಂದು ಮಿಠಾಯಿ ಜಾಡಿ; ಅದರ ತುಂಬ ಜೇನು ಬಣ್ಣದ ದಪ್ಪ ಹಲ್ಲುಗಳು. ಮೊರಾಕೊ ದೇಶದವು, ಮಾರಾಟಕ್ಕೆ ಎಂದು ಚೀಟಿ ಅಂಟಿಸಿದ್ದಾನೆ. ಆ ದೇಶದಲ್ಲಿ ಇವು ರಾಶಿಗಟ್ಟಲೆ ಸಿಗುತ್ತವೆ. ಈ ಗುಂಡಿಯಲ್ಲಿ ಸಿಗುವುದು ಸಣ್ಣವು, ಕಪ್ಪು ಕಂದು ಬಣ್ಣದವು. ಕೆಲಸ ಸುಲಭ: ಮರಳು ಅಗೆದು ಜರಡಿಗೆ ಹಾಕುವುದು, ತೊಟ್ಟಿಯ ನೀರಿನಲ್ಲಿ ಅದ್ದಿ ಆಡಿಸುವುದು, ಉಳಿದ ಚಿಪ್ಪು ಕಲ್ಲುಗಳ ನಡುವೆ ಹಲ್ಲು ಹುಡುಕುವುದು.

ಈ ಪದರದ ಬಗ್ಗೆ ನಾನು ಲೈಬ್ರರಿಯಲ್ಲಿ ಓದಿಕೊಂಡು ಹೋಗಿದ್ದೆ. ಯಾವ ಮಟ್ಟದಲ್ಲಿ ಅಗೆಯಬೇಕೆಂದು ನಾರ್ಮನ್‌ಗೇ ವಿವರಿಸಿದೆ, ನನ್ನ ದೂರಿನ ಕಥೆಯನ್ನೂ ಹೇಳಿದೆ. ಅವನು ಕೇಳಿಸಿಕೊಂಡು ನನಗೆ ಪ್ರೊಫೆಸರ್ ಎಂದು ಹೆಸರಿಟ್ಟ. ನನಗೆ ಒಂದೂ ಸಿಗಲಿಲ್ಲ. ಇವಳಿಗೆ ಕೂತ ಜಾಗದಲ್ಲೇ ಸಿಕ್ಕಿತು, ಮತ್ತೆ ಮತ್ತೆ ಸಿಕ್ಕಿತು. ವಾರವೆಲ್ಲ ಗೋದಾಮಿನಲ್ಲಿ ಪ್ಯಾಕಿಂಗ್ ಮಾಡಿ ದಣಿದವಳು ಜರಡಿಯನ್ನು ಮೊರದ ಹಾಗೆ ಹಿಡಿದು ಕೇರುತ್ತಾಳೆ. ಕುಂದಾಪುರದಲ್ಲಿ ಅಕ್ಕಿಯ ಕಲ್ಲು ಆರಿಸಿದ ಕಣ್ಣು. ಸಿಕ್ಕಿದ್ದನ್ನೆಲ್ಲ ಖಾಲಿ ಇಂಗಿನ ಡಬ್ಬಿಗೆ ಹಾಕಿಕೊಂಡಳು. ಅವಳು ಅಷ್ಟು ಹೊತ್ತು ನಗುತ್ತ ಇರುವುದನ್ನು ನೋಡಿ ಎಷ್ಟು ಕಾಲವಾಗಿತ್ತೋ. ಹೊರಡುವಾಗ ನಾರ್ಮನ್ ನನ್ನ ಖಾಲಿ ಕೈ ನೋಡಿ, "ಸಮುದ್ರಕ್ಕೆ ಒಂದು ದೂರು ಬರೆದು ನೋಡಿ, ಪ್ರೊಫೆಸರ್" ಎಂದ.

ದಾರಿಯಲ್ಲಿ ಇವಳಿಗೆ ನೆನಪಿಸಿದೆ. ಮದುವೆಯಲ್ಲಿ ಓಕುಳಿ ನೀರಿನ ಹಂಡೆಯಲ್ಲಿ ಗಂಡು ಹೆಣ್ಣು ಇಬ್ಬರೂ ಕೈ ಹಾಕಿ ಉಂಗುರ ಹುಡುಕುವ ಶಾಸ್ತ್ರದಲ್ಲಿ ಮೂರು ಸಲವೂ ಗೆದ್ದವನು ನಾನು. ಗೆದ್ದವರ ಮಾತೇ ಮನೆಯಲ್ಲಿ ನಡೆಯುವುದು ಎಂದು ಹೆಂಗಸರೆಲ್ಲ ಇವಳನ್ನು ಚುಡಾಯಿಸಿದ್ದರು. ಹುಡುಕುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಇವಳು ಹೌದೌದು ಎಂದಳು.

೯ ಮೇ, ಶನಿವಾರ

ಮತ್ತೆ ಬರಿಗೈ. ಎಲ್ಲ ಶನಿವಾರವೂ ಇದೇ ಆಯಿತು. ಚಿಪ್ಪುಗಳು ಕೈಯಲ್ಲೇ ಪುಡಿಯಾಗುತ್ತವೆ. ಸೊಂಟ ನೋವು.

ಇವಳಿಗೆ ಹಿಂದಿರುಗುವ ದಾರಿ ಇಷ್ಟ. ವುಲಿಚ್‌ನಲ್ಲಿ ಫೆರ್ರಿ ಹತ್ತಿ ಥೇಮ್ಸ್ ದಾಟಿ, ಬಸ್ಸಿನಲ್ಲಿ ಈಸ್ಟ್ ಹ್ಯಾಮ್‌ಗೆ ಬಂದು ನಮ್ಮೂರ ಕಡೆಯ ಶೀನಪ್ಪನ ಹೋಟೆಲಿನಲ್ಲಿ ದೋಸೆ. ಫೆರ್ರಿಯ ಕಟಕಟೆ ಹಿಡಿದು ನಿಂತಾಗ, ಗಂಗೊಳ್ಳಿಯ ಕಡವು ದಾಟಿದ ಹಾಗೆ ಆಗುತ್ತದೆ ಎನ್ನುತ್ತಾಳೆ. ಇಂದು ನನಗೆ ಏನೂ ಸಿಕ್ಕಿಲ್ಲವೆಂದು ಇವಳೇ ಶೀನಪ್ಪನಿಗೆ ಹೇಳಿಬಿಟ್ಟಳು. ಅವನಿಗೆ ಅಷ್ಟು ಸಾಕು.

"ಹ್ವಾಯ್ ವಾಸಣ್ಣ, ಮಲ್ಪೆಗ್ ಒಂದ್ ಫೋನ್ ಮಾಡ್ಲಾ? ಒಂದ್ ಚೀಲ ತಾಟೆ ಹಲ್ಲ್ ಕಳ್ಸ್ತ್ರ್. ಎಂತಕ್ ಈ ಮಣ್ಣ್ ಹೊರೂ ಕೆಲ್ಸ?"

ಊರ ಕಡೆ ಶಾರ್ಕಿಗೆ ತಾಟೆ ಎನ್ನುತ್ತೇವೆ. ಪಕ್ಕದ ಟೇಬಲ್ಲಿನವರೂ ನಕ್ಕರು. ನಾನೂ ನಕ್ಕೆ. ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಹೀಗೇ ನಕ್ಕಿದ್ದೇನೆ.

೨೦ ಮೇ, ಬುಧವಾರ

ಇಂದಿಗೆ ಇಪ್ಪತ್ತೈದು ವರ್ಷ. ಟ್ರಿಬ್ಯುನಲ್ ಕಾಗದಗಳನ್ನು ಜೋಡಿಸುವುದರಲ್ಲಿ ಮುಳುಗಿದ್ದೆ. ಇವಳು ಹೆಸರುಬೇಳೆ ಪಾಯಸ ತಂದಿಟ್ಟಾಗ ತಿಳಿಯಿತು. ೧೯೮೩ರ ಕಾಗದ ಒಂದು ಸಿಗುತ್ತಿಲ್ಲ. ಮ್ಯಾನೇಜರನ ಸಹಿ ಇರುವ ಕಾಗದ.

೧೬ ಜೂನ್, ಮಂಗಳವಾರ

ನನ್ನ ಕೇಸು ವಜಾ ಆಯಿತು. ಮೂವರು ಕೂತು ಕೇಳಿದರು, ಒಬ್ಬಾತ ನನ್ನ ಹೆಸರನ್ನು ಸರಿಯಾಗಿ ಹೇಳಲೂ ಇಲ್ಲ. ನನ್ನ ಭಾವನೆಗಳು ಪ್ರಾಮಾಣಿಕವಾದವಂತೆ, ಆದರೆ ಪುರಾವೆ ಇಲ್ಲವಂತೆ.

೨೭ ಜೂನ್, ಶನಿವಾರ

ಹನ್ನೊಂದು ದಿನ ಬರೆದಿಲ್ಲ. ಬರೆಯುವಂಥದ್ದೂ ಇರಲಿಲ್ಲ, ಮಲಗಿದ್ದೆ. ಇಂದು ಇವಳು ಹೊದಿಕೆ ಎಳೆದು, ಪಾಸು ದಂಡವಾಗುತ್ತದೆ ಏಳಿ ಎಂದು ಎಬ್ಬಿಸಿದಳು. ರಸ್ತೆಯಲ್ಲೆಲ್ಲ ಫುಟ್‌ಬಾಲಿನ ಬಾವುಟಗಳು. ಗುಂಡಿಯಲ್ಲಿ ಕೈ ಆಡಬೇಕಲ್ಲ ಎಂದು ಜರಡಿ ಆಡಿಸಿದೆ.

ತೊಟ್ಟಿಗೆ ನೀರು ತುಂಬಲು ನಲ್ಲಿಯ ತನಕ ಹೋಗಿ ಬಂದು ಜರಡಿ ಅಲ್ಲಾಡಿಸಿದರೆ, ಇದೆ! ಹೆಬ್ಬೆರಳಿನಷ್ಟು ದೊಡ್ಡದು. ತೊಳೆದಾಗ ಜೇನು ಬಣ್ಣಕ್ಕೆ ಹೊಳೆಯಿತು. ಅಂಚು ಇನ್ನೂ ಹರಿತ. ನಾನು ಕೂಗಿದ್ದು ಗುಂಡಿಯಲ್ಲಿದ್ದವರಿಗೆಲ್ಲ ಕೇಳಿಸಿತು. ಅದರ ಹಿಂದೆಯೇ ಇನ್ನೊಂದು. ಶಾಲೆಯ ಮಕ್ಕಳು ಬಂದು ಸುತ್ತ ನಿಂತರು. ಅವರಿಗೆ ಈ ಶಾರ್ಕಿನ ಉದ್ದ ಎಷ್ಟು, ಇಡೀ ಬದುಕಿನಲ್ಲಿ ಎಷ್ಟು ಹಲ್ಲು ಉದುರಿಸುತ್ತದೆ ಎಲ್ಲ ಹೇಳಿದೆ. ಅವರ ಟೀಚರು ನನ್ನನ್ನು ಇಲ್ಲಿಯ ಗೈಡ್ ಎಂದುಕೊಂಡಳು. ನಾರ್ಮನ್ ಹಲ್ಲನ್ನು ಬೆಳಕಿಗೆ ಹಿಡಿದು ನೋಡಿ, ಇವಳನ್ನು ನೋಡಿ, "ಚೆನ್ನಾಗಿದೆ, ಪ್ರೊಫೆಸರ್" ಎಂದಷ್ಟೇ ಹೇಳಿದ.

"ಕಂಡ್ರ್ಯಾ, ನಾನ್ ಹೇಳಲಿಲ್ಲ್ಯಾ?" ಎಂದಳು ಇವಳು. ಫೆರ್ರಿಯಲ್ಲಿ ಗಾಳಿ ಚೆನ್ನಾಗಿತ್ತು. ನಾನು ಯಕ್ಷಗಾನದ ಯಾವುದೋ ಪದ ಗುನುಗುತ್ತಿದ್ದೆನಂತೆ. ಶೀನಪ್ಪನ ಎದುರಿಗೆ ಹಲ್ಲನ್ನು ಇಟ್ಟು, ಮಲ್ಪೆಗೆ ಫೋನ್ ಮಾಡು ಎಂದೆ. ಎರಡು ದೋಸೆ ತಿಂದೆ. ಇವಳು ತನ್ನ ಚಟ್ನಿಯನ್ನೂ ನನ್ನ ತಟ್ಟೆಗೆ ಸುರಿದಳು.

ಹುಡುಕಿದರೆ ಸಿಗುತ್ತದೆ. ಯಾರೂ ಕೊಟ್ಟದ್ದಲ್ಲ, ನಾನೇ ಹುಡುಕಿದ್ದು.

೩ ಜುಲೈ, ಶುಕ್ರವಾರ

ಮೋಸ.

ಹಲ್ಲಿನ ಹೆಸರು ಖಚಿತ ಮಾಡಿಕೊಳ್ಳಲು ಲೈಬ್ರರಿಯ ಪುಸ್ತಕಗಳನ್ನೆಲ್ಲ ತೆಗೆದೆ. ಈ ಗುಂಡಿಯ ಪದರದಲ್ಲಿ ಈ ಬಣ್ಣ ಬರುವುದಿಲ್ಲ. ಬುಡದ ತೂತಿನಲ್ಲಿ ಸೂಜಿ ಆಡಿಸಿದರೆ ಹಳದಿ ಪುಡಿ ಉದುರಿತು. ಅದು ಲಂಡನ್ನಿನ ಮರಳೇ ಅಲ್ಲ. ಮ್ಯೂಸಿಯಮ್ಮಿಗೆ ಒಯ್ದು ತೋರಿಸಿದೆ. ಕೌಂಟರಿನ ಹೆಂಗಸು ಕೈಗೆತ್ತಿಕೊಳ್ಳುತ್ತಲೇ ಮೊರಾಕೊ ಎಂದಳು. ನಾರ್ಮನ್‌ನ ಜಾಡಿ ಕಣ್ಣೆದುರು ಬಂತು. ಗಿರಾಕಿಗಳು ಬರಿಗೈಯಲ್ಲಿ ಹೋಗಬಾರದೆಂದು ಅಂಗಡಿಯ ಹಲ್ಲನ್ನು ಮರಳಿನಲ್ಲಿ ಬೆರೆಸುತ್ತಾನೆ. ನಾನು ಕೂಗಿದಾಗ ಒಳಗೊಳಗೆ ಎಷ್ಟು ನಕ್ಕಿರಬೇಕು ಅವನು.

ಈ ಸಲ ಪುರಾವೆ ನನ್ನ ಜೇಬಿನಲ್ಲಿದೆ.

೫ ಜುಲೈ, ಭಾನುವಾರ

ನಿನ್ನೆ ಗುಂಡಿಗೆ ಹೋಗಲಿಲ್ಲ. ಕೌನ್ಸಿಲ್‌ನ ವ್ಯಾಪಾರದ ಮೋಸ ವಿಚಾರಿಸುವ ವಿಭಾಗಕ್ಕೆ ಒಂದು ಪತ್ರ, ಆ ಕಡೆಯ ಸ್ಥಳೀಯ ಪತ್ರಿಕೆಗೆ ಒಂದು ಪತ್ರ, ಎರಡರ ಕರಡೂ ಸಿದ್ಧ. ಚೆನ್ನಾಗಿ ಬಂದಿವೆ. ಬೆಳಿಗ್ಗೆ ಬೇಗ ಎದ್ದೆ, ಗಡ್ಡ ಕೆರೆದುಕೊಂಡೆ, ಟೈಪ್‌ರೈಟರಿಗೆ ಹೊಸ ರಿಬ್ಬನ್ ಹಾಕಿದೆ.

ಇವಳು ನೀರುದೋಸೆ ಹೊಯ್ಯುತ್ತ, ಬಿಡಿ ಮಾರಾಯ್ರೆ, ಅವತ್ತು ಖುಷಿ ಆಯ್ತಲ್ಲ, ಅದು ಸುಳ್ಳಾ ಎಂದಳು. ಮೋಸದ ಖುಷಿಗೆ ಏನು ಬೆಲೆ ಎಂದೆ. ನಾರ್ಮನ್ ಹಾಗೆ ಮಾಡುವ ಮನುಷ್ಯ ಅಲ್ಲ ಎಂದಳು. ನಿನಗೆ ಹೇಗೆ ಗೊತ್ತು ಎಂದೆ. ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, "ಒಂದ್ ಮಾತ್ ಹೇಳ್ಕಿತ್ತ್" ಎಂದಳು. ಅಷ್ಟರಲ್ಲಿ ಎರಡನೇ ಪ್ಯಾರಾಕ್ಕೆ ಬೇಕಾಗಿದ್ದ ಪದ ಹೊಳೆಯಿತು. ಅದನ್ನು ಬರೆದುಕೊಂಡು ಇಡೀ ಪತ್ರವನ್ನು ಓದಿ ಹೇಳಿದೆ. ಕೇಳಿದಳು. ಆಮೇಲೆ, ನೀವು ಗೆಲ್ಲಬೇಕು ಅಲ್ಲವಾ ಎಂದು ಕೇಳಿದಳು. ಇದು ಗೆಲುವು ಸೋಲಿನ ಪ್ರಶ್ನೆಯಲ್ಲ, ಸತ್ಯದ ಪ್ರಶ್ನೆ ಎಂದೆ. ದೋಸೆ ಸೀದಿತ್ತು.

೧೮ ಜುಲೈ, ಶನಿವಾರ

ಕೌನ್ಸಿಲ್‌ನಿಂದ ಉತ್ತರ ಬಂದಿದೆ, ಒಬ್ಬ ಅಧಿಕಾರಿ ಸ್ಥಳಕ್ಕೆ ಹೋಗಿ ವಿಚಾರಿಸುತ್ತಾರಂತೆ. ಪತ್ರಿಕೆಯವನೂ ಫೋನ್ ಮಾಡಿದ್ದ. ಅರ್ಧ ಗಂಟೆ ಮಾತಾಡಿದೆ. ನನ್ನನ್ನು ಸರ್ ಎಂದ.

ಇವಳು ಶನಿವಾರವೂ ಓವರ್‌ಟೈಮಿಗೆ ಹೋಗತೊಡಗಿದ್ದಾಳೆ.

೮ ಆಗಸ್ಟ್, ಶನಿವಾರ

ಬಂದಿದೆ! ಮೂರನೇ ಪುಟ, ಹಲ್ಲು ಹಿಡಿದ ನನ್ನ ಕೈಯ ಫೋಟೋ ಸಮೇತ. ಕೌನ್ಸಿಲ್‌ನವರು ಇನ್ನೂ ತೀರ್ಮಾನಕ್ಕೆ ಬಂದಿಲ್ಲ, ಆದರೆ ಓದುವವರಿಗೆ ಅರ್ಥವಾಗುತ್ತದೆ. ಎರಡು ಶಾಲೆಗಳು ಪ್ರವಾಸ ರದ್ದು ಮಾಡಿವೆ. ಒಬ್ಬನೇ ಈಸ್ಟ್ ಹ್ಯಾಮ್‌ಗೆ ಹೋಗಿ ಶೀನಪ್ಪನಿಗೆ ಒಂದು ಪ್ರತಿ ಕೊಟ್ಟೆ. ಅದನ್ನು ಗಲ್ಲಾದ ಹಿಂದೆ, ಕೃಷ್ಣನ ಪಟದ ಕೆಳಗೆ ಅಂಟಿಸಿದ. "ವಾಸಣ್ಣಂಗೆ ಹಲ್ಲ್ ಸಿಕ್ಕಿತೋ ಇಲ್ಯೋ, ಕಚ್ಚೂಕಂತೂ ಬತ್ತ್" ಎಂದ. ಈ ಸಲದ ನಗು ಬೇರೆ ಥರ ಇತ್ತು.

ನವ್ಯಾ ಫೋನಿನಲ್ಲಿ ಎಲ್ಲ ಕೇಳಿ, ಅಮ್ಮನಿಗೆ ಕೊಡಿ ಎಂದಳು. ಅವರಿಬ್ಬರೂ ಏನು ಮಾತಾಡಿದರೋ, ಇವಳು ಬಾಗಿಲು ಹಾಕಿಕೊಂಡಳು.

೨೨ ಆಗಸ್ಟ್, ಶನಿವಾರ

ಕ್ವಾರಿಯ ಮಾಲೀಕರು ನಾರ್ಮನ್‌ನ ಬಾಡಿಗೆ ಕರಾರು ಮುರಿದಿದ್ದಾರೆ, ಗುಂಡಿ ಮುಚ್ಚುತ್ತಾರಂತೆ. ಪತ್ರಿಕೆಯಲ್ಲಿ ನಾಲ್ಕು ಸಾಲು. ತಿಂಡಿ ತಿನ್ನುವಾಗ ಇವಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕೊನೆಗೂ ಒಂದು ಕಡೆಯಾದರೂ ನ್ಯಾಯ ಸಿಕ್ಕಿತು ಎಂದೆ.

ಇವಳು ತಟ್ಟೆ ಸರಿಸಿದಳು.

"ಅದ್ ನಾನ್ ಹಾಕದ್ದ್. ನಾರ್ಮನ್ ಜಾಡಿಯಿಂದ ಎರಡ್ ತಕಂಡ್, ನೀವ್ ನೀರಿಗ್ ಹೋದಾಗ ನಿಮ್ ಜರಡಿಗ್ ಹಾಕ್ದೆ."

ಎಂತಕೆ ಎಂದು ಕೇಳಿದೆನೋ ಇಲ್ಲವೋ ತಿಳಿಯದು. ಕೇಳಿರಬೇಕು.

"ಅವತ್ತ್ ಓಕುಳಿ ನೀರೊಳ್ಗೆ ನಿಮ್ ಕೈಗೆ ಉಂಗುರ ಎಂತಕ್ ಇಟ್ಟದ್ದೋ, ಅದಕ್ಕೇ."

ಎದ್ದು ಕೆಲಸಕ್ಕೆ ಹೋದಳು.

ಸಾಧ್ಯವಿಲ್ಲ. ನನಗೆ ನೆನಪಿದೆ. ಹಂಡೆ ಹಿತ್ತಾಳೆಯದು, ನೀರು ಕೆಂಪಗೆ, ಕೈ ಹಾಕಿದರೆ ಮಣಿಕಟ್ಟಿನ ಕೆಳಗೆ ಏನೂ ಕಾಣುತ್ತಿರಲಿಲ್ಲ. ಅವಳ ಬಳೆ ಹಂಡೆಯ ಅಂಚಿಗೆ ತಾಗಿ ಸದ್ದಾಗುತ್ತಿತ್ತು. ಅತ್ತೆಯಂದಿರು ಬಗ್ಗಿ ನೋಡುತ್ತಿದ್ದರು. ತಳದಲ್ಲಿ ಬಿದ್ದಿದ್ದ ಉಂಗುರ ಬೆರಳ ತುದಿಗೆ ತಾಗಿತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಬೆರಳ ತುದಿಗಲ್ಲ, ಅಂಗೈಗೆ. ಮೂರು ಸಲವೂ ಅಂಗೈಗೇ ಬಂದಿತ್ತು.

೨೯ ಆಗಸ್ಟ್, ಶನಿವಾರ

ಒಬ್ಬನೇ ಹೋದೆ. ನಾರ್ಮನ್ ಜರಡಿಗಳನ್ನು ವ್ಯಾನಿಗೆ ತುಂಬುತ್ತಿದ್ದ. ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಹೋಗಿದ್ದ ಮಾತಿನಲ್ಲಿ ಅರ್ಧವನ್ನೂ ಹೇಳಲು ಅವನು ಬಿಡಲಿಲ್ಲ. ನಿಮ್ಮ ಹೆಂಡತಿ ಕಳೆದ ವಾರವೇ ಬಂದು ಹೇಳಿ ಹೋಗಿದ್ದಾರೆ ಎಂದ. ಹೇಳುವ ಅಗತ್ಯವೂ ಇರಲಿಲ್ಲವಂತೆ, ಮೊದಲೇ ಗೊತ್ತಿತ್ತಂತೆ. ಆ ಜಾಡಿ ಖಾಲಿಯಾಗುತ್ತಿದ್ದದ್ದೇ ಹಾಗೆ: ತಾತಂದಿರು ಮೊಮ್ಮಕ್ಕಳ ಬಕೆಟ್ಟಿಗೆ ಹಾಕುತ್ತಾರೆ, ಹುಡುಗರು ತಮ್ಮ ಹುಡುಗಿಯರ ಜರಡಿಗೆ ಹಾಕುತ್ತಾರೆ. ಅವನು ಬೇರೆ ಕಡೆ ನೋಡುತ್ತಾನೆ.

ಅದನ್ನು ಅಧಿಕಾರಿಗೆ ಹೇಳಬಹುದಿತ್ತಲ್ಲ ಎಂದೆ. ಹೇಳಿದನಂತೆ. ಕೊಂಡವರ ಹೆಸರು ಕೇಳಿದರಂತೆ. ಇಂಥದಕ್ಕೆಲ್ಲ ಹೆಸರು ಯಾರು ಕೇಳಿಟ್ಟುಕೊಳ್ಳುತ್ತಾರೆ ಎಂದ. ನಿಮ್ಮವರ ಹೆಸರು ಗೊತ್ತಿತ್ತು, ಆದರೆ ಅದನ್ನು ಹೇಳುವುದು ನನ್ನ ಕೆಲಸವಾಗಿರಲಿಲ್ಲ ಎಂದ. ವ್ಯಾನಿನ ಬಾಗಿಲು ಹಾಕಿ, ಚಾಲಕನ ಕಡೆ ಹೋಗುತ್ತ ಒಮ್ಮೆ ನಿಂತ.

"ನೀವು ಗುರುತಿಸಿದ್ದು ಮಾತ್ರ ಸರಿ, ಪ್ರೊಫೆಸರ್. ಮೊರಾಕೊದ್ದೇ."

ವ್ಯಂಗ್ಯದ ದನಿಯಲ್ಲಿ ಹೇಳಿದ್ದರೆ ಉತ್ತರ ಕೊಡುತ್ತಿದ್ದೆ.

೧೨ ಸೆಪ್ಟೆಂಬರ್, ಶನಿವಾರ

ತಪ್ಪು ತಿದ್ದಿ ಪತ್ರಿಕೆಗೆ ಬರೆದಿದ್ದೆ. ಹಾಕಿಲ್ಲ. ಓದುಗರಿಗೆ ಈ ವಿಷಯದಲ್ಲಿ ಆಸಕ್ತಿ ಉಳಿದಿಲ್ಲವಂತೆ. ಕೌನ್ಸಿಲ್‌ನವರು ಪ್ರಕರಣ ಮುಗಿಸಿದ್ದಾರೆ: ತಪ್ಪು ಕಂಡುಬಂದಿಲ್ಲ. ಕ್ವಾರಿಯ ಮಾಲೀಕರಿಗೂ ಬರೆದೆ. ನಗರದ ಕೆಳಗೆ ಕೊರೆಯುವ ಸುರಂಗದ ಮಣ್ಣನ್ನು ದುಡ್ಡು ಪಡೆದು ಗುಂಡಿಗೆ ಹಾಕಿಸಿಕೊಳ್ಳಲು ಅವರು ಮೊದಲಿನಿಂದಲೂ ಕಾರಣ ಹುಡುಕುತ್ತಿದ್ದರು ಎಂದು ತಿಳಿಯಿತು. ಕಾರಣ ಸಿಕ್ಕಿತ್ತು.

ಶೀನಪ್ಪನ ಹೋಟೆಲಿಗೆ ಹೋಗಿ ಆ ಕಾಗದ ತೆಗೆ ಎಂದೆ. ಎಂತಕೆ ವಾಸಣ್ಣ, ಜನ ಓದುತ್ತಾರೆ ಎಂದ. ನಾನೇ ಗಲ್ಲಾದ ಹಿಂದೆ ಹೋಗಿ ಕಿತ್ತೆ. ಗೋಡೆಯ ಬಣ್ಣವೂ ಸ್ವಲ್ಪ ಬಂತು.

ಇವಳ ಶಿಫ್ಟು, ಸ್ವರ್ಣಾಳ ಶಿಫ್ಟು ಮುಗಿಯುವ ಹೊತ್ತಿಗೆ ಗೋದಾಮಿನ ಗೇಟಿನಲ್ಲಿ ನಿಂತಿದ್ದೆ. ಮಳೆ ಬರುವ ಹಾಗಿತ್ತು, ಕೊಡೆ ಒಯ್ದಿದ್ದೆ. ಯಾರಿಗೆ ಏನಾಯ್ತು ಎಂದು ಗಾಬರಿಯಾದಳು.

೨೬ ಸೆಪ್ಟೆಂಬರ್, ಶನಿವಾರ

ಪಾಸಿನ ಕೊನೆಯ ಶನಿವಾರ. ಸ್ವರ್ಣಾ ಕೆಸರಿನ ಚಪ್ಪಲಿ ಹಾಕಿಕೊಳ್ಳುವುದನ್ನು ನೋಡಿ ನಾನೂ ಹಾಕಿಕೊಂಡೆ. ಹಳೆಯ ಇಂಗಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಿದ್ದಳು, ಅಭ್ಯಾಸಕ್ಕೆ.

ಗೇಟಿಗೆ ಸರಪಳಿ. ಶೆಡ್ಡು ಇಲ್ಲ. ಬೇಲಿಯ ಸಂದಿಯಿಂದ ಗುಂಡಿ ಕಾಣುತ್ತಿತ್ತು. ನಗರದ ಕೆಳಗೆ ಎಲ್ಲೋ ಕೊರೆದು ತೆಗೆದ ಬೂದು ಜೇಡಿಮಣ್ಣನ್ನು ಲಾರಿಗಳು ಒಂದರ ಹಿಂದೊಂದು ತಂದು ಸುರಿಯುತ್ತಿದ್ದವು. ಜೇನು ಬಣ್ಣದ ಹಲ್ಲು ನನ್ನ ಜೇಬಿನಲ್ಲಿತ್ತು. ಅದನ್ನು ಇಲ್ಲಿಯೇ ಎಸೆದು ಬರುವ ಎಂದು ಒಯ್ದಿದ್ದೆ. ಎಸೆಯಲಿಲ್ಲ.

ಸ್ವರ್ಣಾ ಬೇಲಿಗೆ ಮುಖ ಒತ್ತಿ ನಿಂತಿದ್ದಳು.

"ಆ ಮೂಲೆ ಕಾಣಿ, ಹಸುರ್ ಹಲಗೆ ಹತ್ರ. ನಂಗ್ ಸಿಕ್ಕದ್ದೆಲ್ಲ ಅಲ್ಲೇ. ಇನ್ನೂ ಬೇಕಾದಷ್ಟ್ ಇದ್ದಿತ್ತ್. ಆ ಜೇನ್ ಬಣ್ಣದ್ದ್ ಸಿಕ್ಕಿ ನಿಮ್ಗ್ ಧೈರ್ಯ ಬಂದ್ ಮೇಲೆ, ಮುಂದಿನ್ ಶನಿವಾರ ನಿಮ್ಮನ್ ಅಲ್ಲೇ ಕೂರ್ಸುವ ಅಂದೇಳಿ ಇದ್ದೆ."

ಮ್ಯೂಸಿಯಮ್ಮಿನಿಂದ ಬಂದ ಮರುದಿನ ಅದು. ನಾನು ಟೈಪ್‌ರೈಟರಿನ ಮುಂದೆ ಕೂತಿದ್ದ ಶನಿವಾರ.

ಲಾರಿಯೊಂದು ಹಿಂದೆ ಹಿಂದೆ ಬಂದು ನಿಂತು ಬೆನ್ನೆತ್ತಿತು. ಮಣ್ಣು ಜಾರಿ ಬೀಳುವ ಸದ್ದು ನಿಲ್ಲುವ ತನಕ ಕಾದೆ. ಹಸುರು ಹಲಗೆ ನನಗೆ ಕಾಣಲಿಲ್ಲ. ಯಾವ ಮೂಲೆ, ಇನ್ನೊಮ್ಮೆ ತೋರಿಸು ಎಂದೆ.

ಅವಳು ಮತ್ತೆ ಬೇಲಿಯ ಸಂದಿಯಿಂದ ನೋಡಿದಳು.

"ಈಗ ನಂಗೂ ಗೊತ್ತಾತಿಲ್ಲೆ" ಎಂದಳು.